ಬಾವಲಿಯಿಂದ ಗೋಲಿಯನ್ನು ಕರೆತಂದದ್ದು

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಕಲ್ಪೆಟ್ಟದಿಂದ ಬಸ್ಸು ಹತ್ತಿದೆ. ಹೆಗಲಿನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಟವೆಲ್ಲು, ಇನ್ನೂ ಪೊಟ್ಟಣ ಒಡೆಯದ ಹೊಸ ಗ್ಲೌಸು. ಹೋಗಬೇಕಾದದ್ದು ಕರ್ನಾಟಕದ ಗಡಿಗೆ ತಾಗಿದ ಬಾವಲಿಗೆ. ಕೆಲಸ ಒಂದೇ. ಹೇಳದೆ ಕೇಳದೆ ಮನೆಗೆ ಓಡಿದ ನಮ್ಮ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ರಜಿತಳನ್ನು ಭಾನುವಾರದ ಪಂದ್ಯದೊಳಗೆ ವಾಪಸು ಕರೆತರುವುದು.

ಈ ಕೆಲಸಕ್ಕೆ ನನ್ನಷ್ಟು ಅಯೋಗ್ಯಳು ಇಡೀ ವಯನಾಡಿನಲ್ಲಿ ಇರಲಿಲ್ಲ. ನಾನು ಅದೇ ತಂಡದ ಎರಡನೇ ಗೋಲ್‌ಕೀಪರ್. ಊರು ಹುಣಸೂರು, ವಯಸ್ಸು ಮೂವತ್ಮೂರು. ಹದಿನಾಲ್ಕು ವರ್ಷದಿಂದ ಚೆಂಡು ಹಿಡಿದೇ ಅನ್ನ ತಿಂದಿದ್ದೇನೆ, ಅದರಲ್ಲಿ ಕಳೆದ ಎರಡು ಸೀಸನ್ ಬೆಂಚಿನ ಮೇಲೆ ಕೂತು. ಬೇರೆ ಆಟಗಾರ್ತಿಯರನ್ನು ಆಟದ ನಡುವೆ ಅದಲುಬದಲು ಮಾಡುತ್ತಾರೆ. ನಮ್ಮನ್ನು ಮುಟ್ಟುವುದೇ ಇಲ್ಲ. ಪಂದ್ಯಕ್ಕೆ ಮುಂಚೆ ಮೊದಲನೆಯವಳಿಗೆ ಚೆಂಡು ಎಸೆದೂ ಎಸೆದೂ ಕೈ ಬಿಸಿ ಮಾಡಿಸುವುದು ಎರಡನೆಯವಳ ಪಾಲು. ಆಮೇಲೆ ಜಾಕೆಟ್ಟು ಹಾಕಿಕೊಂಡು ಕೂತುಬಿಡಬೇಕು. ರಜಿತ ಬಂದರೆ ನನಗೆ ಬೆಂಚು, ಬಾರದಿದ್ದರೆ ನನಗೆ ಗೋಲು.

ಕಳಿಸಿದ್ದು ನಮ್ಮ ಕೋಚ್. ಕೋಳಿಕ್ಕೋಡಿನವರು, ಮಾತು ಕಡಿಮೆ. "ಅವಳ ಮನೆಯಲ್ಲಿ ಕನ್ನಡ. ಅವಳ ಅಜ್ಜಿಗೆ ಮಲಯಾಳಂ ಬರುತ್ತೆ, ಬೇಡದಾಗ ಬರಲ್ಲ. ನೀನೇ ಹೋಗು," ಎಂದರು. ಇಲ್ಲ ಎನ್ನಬಹುದಿತ್ತು. ಆದರೆ ನನಗೆ ಅವಳ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು. ಹಿಂದಿನ ಭಾನುವಾರ ನೆಟ್ಟಗೆ ಕೈಗೇ ಬಂದ ಚೆಂಡು ಜಾರಿಸಿ ಪಂದ್ಯ ಸೋತಳು, ಮಾರನೆಯ ಬೆಳಿಗ್ಗೆ ಗಂಟುಮೂಟೆ ಕಟ್ಟಿದಳು. ಒಂದು ಗೋಲು ತಿಂದದ್ದಕ್ಕೆ ಮನೆಗೆ ಓಡುವುದಾದರೆ ನಾನು ಇಷ್ಟರಲ್ಲಿ ಹುಣಸೂರಿನ ರಸ್ತೆಯನ್ನೇ ಸವೆಸಿಬಿಡುತ್ತಿದ್ದೆ. ಹಾಗೆ ಯಾರೋ ಬಿಸಾಡಿ ಹೋದ ಜಾಗ ನನಗೆ ಬೇಕಿರಲಿಲ್ಲ.

ಪನಮರಂ ದಾಟಿ ಮಾನಂದವಾಡಿ ಸೇರಲು ಒಂದೂಕಾಲು ಗಂಟೆ ಹಿಡಿಯಿತು. ಫೆಬ್ರವರಿಯ ಬಿಸಿಲು, ದಾರಿಯುದ್ದಕ್ಕೂ ಮನೆಯಂಗಳಗಳಲ್ಲಿ ಕಾಫಿ, ಮೆಣಸು ಒಣಹಾಕಿದ್ದರು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ಪೊರೋಟ, ಕಡಲೆ ಸಾರು ತಿಂದೆ. ಬಾವಲಿಯ ಬಸ್ಸಿಗೆ ಒಂದೂವರೆ ಗಂಟೆ ಕಾಯಬೇಕಾಯಿತು. ಕಾಟಿಕುಳಂ ದಾಟಿದ ಮೇಲೆ ಕಾಡು. ತೇಗದ ಮರಗಳಲ್ಲಿ ಒಂದೂ ಎಲೆಯಿಲ್ಲ. ರಸ್ತೆಯ ಎರಡೂ ಬದಿ, ಕಾಳ್ಗಿಚ್ಚು ದಾಟದಿರಲೆಂದು ಇಲಾಖೆಯವರೇ ಸುಟ್ಟ ಕರಿ ಪಟ್ಟಿ. ಪಕ್ಕದಲ್ಲಿ ಕೂತಿದ್ದ ಹೆಂಗಸು ಆನೆ ಕಾಣುತ್ತದೆ, ನೋಡುತ್ತಿರು ಎಂದರು. ನೋಡಿದ್ದೇ ಬಂತು, ಕಂಡದ್ದು ಎರಡು ಜಿಂಕೆ.

ಬಾವಲಿಯಲ್ಲಿ ಇಳಿದಾಗ ಎರಡೂವರೆ. ಚೆಕ್‌ಪೋಸ್ಟು, ಸೇತುವೆ, ಆಚೆ ಕರ್ನಾಟಕ. ಚಹಾ ಅಂಗಡಿಯಲ್ಲಿ ರಜಿತಳ ಮನೆ ಕೇಳಿದೆ.

"ಗೋಲಿ ರಜಿತನ ಮನೆಗಾ?" ಅಂಗಡಿಯವ ಲೋಟ ತೊಳೆಯುತ್ತ ಕನ್ನಡದಲ್ಲೇ ಕೇಳಿದ. ಗೋಲ್‌ಕೀಪರನ್ನು ಕೇರಳದಲ್ಲಿ ಗೋಲಿ ಎನ್ನುತ್ತಾರೆ. "ಫೋನಲ್ಲಿ ನೋಡಿದ್ವಿ ಅಕ್ಕ. ಕೈಗ್ ಬಂದಿದ್ನ ಬಿಟ್ಬಿಟ್ಲಲ್ಲ! ನಾನಾಗಿದ್ರೆ ಹಿಡೀತಿದ್ದೆ."

"ಬಾ ಹಂಗಾದ್ರೆ ಭಾನುವಾರ, ನಿನ್ನನ್ನೇ ನಿಲ್ಲಿಸ್ತೀವಿ," ಎಂದೆ. ಅವಳ ಮೇಲೆ ನಾನು ಸಿಟ್ಟು ಮಾಡಬಹುದು, ಕಂಡಕಂಡವರು ಮಾಡುವಂತಿಲ್ಲ. ಅವನು ನಕ್ಕು ದಾರಿ ತೋರಿಸಿದ.

ಗದ್ದೆ ಬದುವಿನ ಮೇಲೆ ಕಾಲು ಗಂಟೆ ನಡೆದರೆ ಮನೆ. ಅವಳ ಅಪ್ಪ ಅರಣ್ಯ ಇಲಾಖೆಯ ವಾಚರ್. ಬೆಂಕಿ ಕಾವಲಿಗೆ ಕಾಡಿಗೆ ಹೋಗಿದ್ದರು. ಅಂಗಳದಲ್ಲಿ ಅಜ್ಜಿ ಮೆಣಸು ಕೆದಕುತ್ತಿದ್ದರು. ರಜಿತ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ಕಂಡವಳೇ ಎಡಗೈಯನ್ನು ವೇಲಿನೊಳಗೆ ಎಳೆದುಕೊಂಡಳು. ಆಗ ನನಗೆ ಅದು ಹೊಳೆಯಲಿಲ್ಲ.

"ಬಾ ಮೋಳೆ, ಕೂರು," ಎಂದರು ಅಜ್ಜಿ. ಮೋಳೆ ಎಂದರೆ ಮಗಳೇ. "ಇವ್ಳು ಬಂದು ನಾಕ್ ದಿನ ಆತು. ಮಾತಿಲ್ಲ ಕತೆಯಿಲ್ಲ. ನೀನಾರ ಕೇಳು."

ದಾರಿಯಲ್ಲಿ ಉರು ಹೊಡೆದಿದ್ದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬೈದೆ. ಬೈಗುಳ ಮುಗಿದು ನನಗೇ ಸುಸ್ತಾದಾಗ, ಹೊಸ ಗ್ಲೌಸಿನ ಪೊಟ್ಟಣ ಅವಳ ಮಡಿಲಿಗೆ ಎಸೆದೆ. ನಾನು ಕಾಸು ಕೂಡಿಸಿ ನನಗಾಗಿ ತಂದಿಟ್ಟುಕೊಂಡಿದ್ದವು. "ತಗೋ, ನಿನಗೇ. ಹಾಕ್ಕೊಂಡು ನೋಡು."

ಗೋಲ್‌ಕೀಪರಿಗೆ ಹೊಸ ಗ್ಲೌಸು ಕೊಟ್ಟರೆ ಎರಡೂ ಕೈಗೆ ತೊಟ್ಟು, ಒಂದಕ್ಕೊಂದು ತಟ್ಟಿ ನೋಡದೆ ಇರಲು ಆಗುವುದಿಲ್ಲ. ಅದು ನಮ್ಮ ಜಾತಿಯ ಗುಣ. ರಜಿತ ಬಲಗೈಗೆ ಮಾತ್ರ ತೊಟ್ಟಳು. ಮಣಿಕಟ್ಟಿನ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಗಿದುಕೊಂಡಳು.

"ಎಡಗೈ?"

"ಬ್ಯಾಡ ಅಕ್ಕ."

"ತೆಗೀಯಮ್ಮಿ ಆಚೆ!"

ಉಂಗುರದ ಬೆರಳು ನೀಲಿಗಟ್ಟಿ ಊದಿತ್ತು. ಮೇಲೆ ಅಜ್ಜಿ ಅರೆದು ಮೆತ್ತಿದ ಸೊಪ್ಪು. ಶನಿವಾರದ ಅಭ್ಯಾಸದಲ್ಲಿ ಕೈ ಕಂಬಕ್ಕೆ ಬಡಿದಿತ್ತಂತೆ. ಪಕ್ಕದ ಬೆರಳಿಗೆ ಸೇರಿಸಿ ಟೇಪು ಸುತ್ತಿ, ಗ್ಲೌಸು ಹಾಕಿ, ಭಾನುವಾರ ಹಾಗೇ ಆಡಿದ್ದಳು. ಚೆಂಡು ಏಕೆ ಜಾರಿತೆಂದು ಆಗ ತಿಳಿಯಿತು. ಸೋಮವಾರ ಬೆಳಿಗ್ಗೆ ಗ್ಲೌಸಿನೊಳಗೆ ಬೆರಳೇ ಹೋಗದೆ ಓಡಿಬಂದಿದ್ದಳು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ನಿಲ್ಲಿಸ್ತಿದ್ರು," ಎಂದಳು. ಆ ಮನೆಯ ಕನ್ನಡದಲ್ಲಿ ದೊಡ್ಡವರು ಚಿಕ್ಕವರೆಲ್ಲ 'ನೀನು'. "ಈ ಸೀಸನ್ನಿಗೆ ನನ್ ಕರಾರು ಮುಗೀತದೆ. ಬೆರಳು ಮುರಿದ ಗೋಲೀನ ಯಾರ್ ಇಟ್ಕೋತಾರೆ? ಸೊಪ್ಪು ಕಟ್ಟಿದ್ರೆ ಹತ್ ದಿನದಲ್ಲಿ ಸರಿಯಾಗ್ತದೆ."

ನನ್ನ ಸಿಟ್ಟೆಲ್ಲ ಇಳಿಯಿತು. ಅವಳ ಜಾಗದಲ್ಲಿದ್ದಾಗ ನಾನೂ ಹೇಳಿರಲಿಲ್ಲ. ನನ್ನ ಬಲಗೈಯ ಕಿರುಬೆರಳು ತೋರಿಸಿದೆ. ಅದು ಕೊಕ್ಕೆಯ ಹಾಗೆ ಸೊಟ್ಟಗಿದೆ. "ಟೇಪು ಸುತ್ತಿ ಒಂದು ಸೀಸನ್ ಪೂರ್ತಿ ಮುಚ್ಚಿಟ್ಟೆ. ಈಗ ಮಡಚಕ್ಕಾಗಲ್ಲ. ಎತ್ತರದ ಚೆಂಡು ಹಿಡಿಯಕ್ಕೆ ಹೋದ್ರೆ ಈ ಕಡೆಯಿಂದ ಜಾರುತ್ತೆ. ನಾನು ಯಾಕೆ ಬೆಂಚಲ್ಲಿದ್ದೀನಿ ಅಂದ್ಕೊಂಡೆ, ವಯಸ್ಸಾಯ್ತು ಅಂತಲಾ? ನಡಿ, ಡಾಕ್ಟರ ಹತ್ರ ಹೋಗೋಣ."

ಅವಳು ಬರುವುದಿಲ್ಲವೆಂದಳು. ನಾನು ಏಳುವುದಿಲ್ಲವೆಂದೆ. ಕಡೆಯ ಬಸ್ಸು ಹೋಯಿತು. ಜಗಲಿಯ ಕಂಬಕ್ಕೆ ಒರಗಿ ಕೂತವಳು ನಾನು ಅಲ್ಲಾಡಲಿಲ್ಲ. ಅಜ್ಜಿ ಒಮ್ಮೆ ನನ್ನನ್ನು, ಒಮ್ಮೆ ಮೊಮ್ಮಗಳನ್ನು ನೋಡಿದರು.

"ಇವ್ಳು ಹೋಗೋ ಪೈಕಿ ಅಲ್ಲ ಕಣೆ. ಇನ್ನೊಂದ್ ಪಾವು ಅಕ್ಕಿ ಹಾಕ್ತೀನಿ," ಎಂದು ಒಳಗೆ ಹೋದರು. ಅನ್ನ, ಒಣಮೀನಿನ ಸಾರು, ಹುರುಳಿ ಪಲ್ಯ ಬಡಿಸಿದರು. ಸೊಪ್ಪು ಮೆತ್ತಿದ ಅಜ್ಜಿಯೇ ಊಟದ ನಡುವೆ ಹೇಳಿದರು: "ಉಳುಕಿಗೆ ನನ್ ಸೊಪ್ಪು ಆಯ್ತದೆ. ಮೂಳೆ ಮುರಿದ್ರೆ ಆಗಲ್ಲ. ನಾಳೆ ಹೋಗ್ ಬಾ."

ಶುಕ್ರವಾರ ಏಳೂವರೆಯ ಬಸ್ಸಿಗೆ ಇಬ್ಬರೂ ಹೊರಟೆವು. ಮಂಜು ಇನ್ನೂ ಗದ್ದೆಯ ಮೇಲಿತ್ತು, ಚಳಿ ಚೆನ್ನಾಗಿಯೇ ಕಚ್ಚುತ್ತಿತ್ತು. "ಡಾಕ್ಟರಿಗೆ ಮಾತ್ರ ತೋರಿಸ್ತೀನಿ. ಕೋಚ್ ಸಾರಿಗೆ ಹೇಳಬ್ಯಾಡ, ಆಣೆ ಇಡು," ಎಂದು ದಾರಿಯುದ್ದಕ್ಕೂ ಪೀಡಿಸಿದಳು. ನಾನು ಆಣೆಯನ್ನೂ ಇಡಲಿಲ್ಲ, ಆಗುವುದಿಲ್ಲವೆಂದೂ ಹೇಳಲಿಲ್ಲ. ಮೊದಲು ಮಾನಂದವಾಡಿ ಸಿಕ್ಕಲಿ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಮೂಳೆ ಮುರಿದಿತ್ತು, ಆದರೆ ಹೆಚ್ಚು ಜರುಗಿರಲಿಲ್ಲ. ಆ ಕೈಯಲ್ಲಿ ಆರು ವಾರ ಚೆಂಡು ಮುಟ್ಟಬಾರದು, ಇನ್ನೆರಡು ವಾರ ತಡವಾಗಿದ್ದರೆ ಸೊಟ್ಟಗೆ ಕೂಡಿಕೊಳ್ಳುತ್ತಿತ್ತು ಎಂದರು ಡಾಕ್ಟರು. ಪಟ್ಟಿ ಕಟ್ಟುವಾಗ ಅವಳು ಅಳಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಮೇಲೆ ಅತ್ತಳು. ಅತ್ತು ಮುಗಿಸುವವರೆಗೂ ಕಾದು, ಕೋಚ್ ನಂಬರ್ ಒತ್ತಿ ಫೋನು ಅವಳ ಬಲಗೈಗೆ ಕೊಟ್ಟೆ.

"ನೀನೇ ಹೇಳು," ಎಂದೆ. "ನಾನು ಹೇಳಿದ್ರೆ ಚಾಡಿ ಆಗುತ್ತೆ."

ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಮಲಯಾಳದಲ್ಲಿ ನಾಲ್ಕೇ ಮಾತು ಹೇಳಿದಳು: ಬೆರಳು ಮುರಿದಿದೆ, ಮುಚ್ಚಿಟ್ಟೆ, ತಪ್ಪಾಯಿತು, ಭಾನುವಾರ ಚೇಚಿ ನಿಲ್ಲುತ್ತಾಳೆ. ಚೇಚಿ ಎಂದರೆ ಅಕ್ಕ, ನಾನು. ಕರಾರಿನ ವಿಷಯ ಆಮೇಲೆ ನೋಡೋಣ ಎಂದು ಕೋಚ್ ಹೇಳಿದ್ದು ನನಗೂ ಕೇಳಿಸಿತು. ಫೋನು ಕಿತ್ತುಕೊಂಡೆ.

"ಆಮೇಲೆ ನೋಡೋದು ಏನಿಲ್ಲ ಸಾರ್. ಆರು ವಾರ ಅವಳನ್ನ ಇಟ್ಕೋತೀರಿ. ಇಲ್ಲ ಅಂದ್ರೆ ಭಾನುವಾರಕ್ಕೆ ಇಬ್ಬರು ಗೋಲಿಗಳನ್ನ ಹುಡುಕಿ."

ಹರಕು ಮಲಯಾಳದಲ್ಲಿ ಹೇಳಿದೆ, ಆದರೆ ಗಟ್ಟಿಯಾಗಿ ಹೇಳಿದೆ. ಆಸ್ಪತ್ರೆಯ ನರ್ಸಮ್ಮ ತಿರುಗಿ ನೋಡಿದರು. ಕೋಚ್ ನಿಟ್ಟುಸಿರು ಬಿಟ್ಟು, "ಇಬ್ಬರೂ ಬನ್ನಿ, ಆರು ವಾರ ಇರಲಿ," ಎಂದು ಫೋನಿಟ್ಟರು.

ಹನ್ನೊಂದರ ಬಸ್ಸಿಗೆ ಕಲ್ಪೆಟ್ಟದ ಕಡೆ ಹೊರಟೆವು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು. ಎರಡು ವರ್ಷದ ಮೇಲೆ ಗೋಲಿನಲ್ಲಿ ನಿಲ್ಲುತ್ತೇನೆ ಎಂದು ಕಾಲು ತಾನಾಗಿಯೇ ಕುಣಿಯುತ್ತಿತ್ತು. ಪಕ್ಕದಲ್ಲಿ ಬೆರಳು ಮುರಿದುಕೊಂಡವಳು ಕೂತಿದ್ದಾಳೆಂದು ನಾಚಿಕೆಯೂ ಆಯಿತು. ಪನಮರಂ ಬಂದಾಗ ಅವಳು ನನ್ನ ಕಡೆ ತಿರುಗಿದಳು.

"ಅಕ್ಕ, ಆರು ವಾರ ಆದ್ಮೇಲೆ ನಾನು ವಾಪಸ್ ನಿಂತ್ಕೊಂಡ್ರೆ ನಿನಗೆ ಬೇಜಾರಾಗ್ತದಾ?"

"ಆಗುತ್ತೆ," ಎಂದೆ. "ಬಿಟ್ಟುಕೊಡ್ತೀನಿ ಅಂತ ನಾನೆಲ್ಲಿ ಹೇಳಿದೆ? ಕಿತ್ಕೋಬೇಕು."

ನಾನು ಬಾವಲಿಗೆ ಹೋದ ಮೇಲೆ ಅವಳು ಮೊದಲ ಸಲ ನಕ್ಕಳು. ಕಲ್ಪೆಟ್ಟದಲ್ಲಿ ಇಳಿದವರು ಹಾಸ್ಟೆಲಿಗೆ ಹೋಗಲಿಲ್ಲ. ಚೀಲ ಸಮೇತ ನೇರ ಮೈದಾನಕ್ಕೆ ಹೋದೆವು. ಅವಳು ಬಲಗೈಯಲ್ಲಿ ಚೆಂಡು ಎತ್ತಿಕೊಂಡು, "ಬಲಗಡೆ ಎತ್ತರಕ್ಕೇ ಎಸೀತೀನಿ, ನಿನಗೆ ಆಗದೇ ಇರೋದ್ ಅದೇ ಅಲ್ವಾ?" ಎಂದಳು. ಬಿಸಿಲು ನೆತ್ತಿಯ ಮೇಲಿತ್ತು. ಎಸೆಯೇ ಎಂದೆ.