ಒಂದೇ ಅಲರ್ಜಿಯ ಒಂಬತ್ತು ಮಂದಿ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎದುರಿಗೆ ಜರಡಿ ಅಕ್ಕ, ಬೆನ್ನ ಹಿಂದೆ ಬರೀ ಜರಡಿ. ಯಾರು ಏನು ಬರೆದುಕೊಟ್ಟರೂ ಅದರಲ್ಲೊಂದು ಕಲ್ಲು ಹುಡುಕಿ ತೆಗೆಯದೆ ಬಿಡುವವಳಲ್ಲ ಎಂದು ಆ ಹೆಸರು. ಟೈಪಿಸ್ಟ್ ಆಗಿ ಸೇರಿದವಳು ನಲವತ್ತು ದಾಟಿದ ಮೇಲೆ ಪ್ರೋಗ್ರಾಂ ಬರೆಯಲು ಕಲಿತಳು, ಅದೂ ಹೆಚ್ಚುಕಡಿಮೆ ತಾನಾಗಿಯೇ. ಕಲಿಸಲು ಬಂದಾತ ಎರಡನೇ ದಿನಕ್ಕೇ ಅವಳ ಪ್ರಶ್ನೆಗಳಿಗೆ ಸುಸ್ತು ಹೊಡೆದು, ಪುಸ್ತಕ ಕೈಗಿಟ್ಟು ಜಾಗ ಖಾಲಿ ಮಾಡಿದ್ದ.

ಹಳೆಯ ಕಂಪ್ಯೂಟರ್ ವ್ಯವಸ್ಥೆ ತೆಗೆದು ಹೊಸದನ್ನು ಹಾಕುವ ಕೆಲಸ ಅವಳ ತಲೆಗೇ ಬಂತು. ಹಳೆಯದು ಪ್ರತಿ ರೋಗಿಯ ವಿವರವನ್ನೂ ಜೆಸನ್ ಎಂಬ ರೂಪದಲ್ಲಿ ಬರೆದು ಕಳಿಸುತ್ತಿತ್ತು. ಜೆಸನ್ ಪಾಪದ್ದು, ಏನು ತುಂಬಿದರೂ ಬೇಡ ಅನ್ನುವುದಿಲ್ಲ. ಹದಿನೆಂಟು ವರ್ಷಗಳಲ್ಲಿ ನಾಲ್ವರು ಮಹಾಶಯರು ತಮಗೆ ತೋಚಿದಂತೆ ಅದನ್ನು ತುಂಬಿಟ್ಟಿದ್ದರು. ಒಬ್ಬನ ವಯಸ್ಸು ಅಂಕಿಯಲ್ಲಿ, ಇನ್ನೊಬ್ಬನದು ಅಕ್ಷರದಲ್ಲಿ, ಮತ್ತೊಬ್ಬನಿಗೆ ವಯಸ್ಸೇ ಇಲ್ಲ. ಹೊಸ ಪ್ರೋಗ್ರಾಂ ಹಾಗಲ್ಲ, ಬಲು ಬಿಗಿ. ವಯಸ್ಸೆಂದರೆ ಸಂಖ್ಯೆಯೇ ಆಗಿರಬೇಕು, ಅಲರ್ಜಿ ಎಂದರೆ ಪಟ್ಟಿಯೇ ಆಗಿರಬೇಕು, ಏನೂ ಇಲ್ಲದಿದ್ದರೆ ಖಾಲಿ ಪಟ್ಟಿಯಾದರೂ ಇರಬೇಕು. ಮೂರು ವಾರ ಕೂತು ಆ ಸೊಟ್ಟಗಿದ್ದುದನ್ನೆಲ್ಲ ನೆಟ್ಟಗೆ ಮಾಡಿ ಹೊಸ ಅಚ್ಚಿಗೆ ಇಳಿಸಿದಳು.

ಅಲರ್ಜಿಯ ಜಾಗದಲ್ಲಿ ಪಟ್ಟಿ ಬಂದರೆ ತೆಗೆದುಕೋ, ಬೇರೇನೇ ಬಂದರೂ ಖಾಲಿ ಎಂದುಕೋ ಎಂದು ಬರೆದಳು. ಪರೀಕ್ಷೆ ಮಾಡಲಿಲ್ಲವೆಂದಲ್ಲ. ದಾಖಲೆಗಳ ಕೋಣೆಯಿಂದ ಹತ್ತು ಫೈಲು ಹೊತ್ತು ತಂದು ಪರದೆಯ ಜೊತೆ ಸಾಲು ಸಾಲಾಗಿ ತಾಳೆ ನೋಡಿದಳು. ಆ ಕೋಣೆಯವರದ್ದು ಮೊದಲಿಂದಲೂ ಒಂದೇ ಪದ್ಧತಿ, ಪರೀಕ್ಷೆಗೆ ದಪ್ಪ ಫೈಲನ್ನೇ ಆರಿಸುವುದು. ಇರುವ ರಗಳೆಯೆಲ್ಲ ದಪ್ಪ ಫೈಲಿನಲ್ಲೇ ಇರುತ್ತದೆ, ಅದು ದಾಟಿತೆಂದರೆ ತೆಳುವಿನದು ಏನು ಮಹಾ. ಹತ್ತೂ ಸರಿಹೋದವು. ಬೆಳಗ್ಗೆ ಎಂಟಕ್ಕೆ ಹೊಸ ವ್ಯವಸ್ಥೆ ಶುರುವಾಯಿತು.

ಹತ್ತೂಮುಕ್ಕಾಲಿಗೆ ದಾಖಲೆ ಕೋಣೆಯ ಗುಮಾಸ್ತರು ಒಂದು ತೆಳು ಫೈಲು ಹಿಡಿದು ಬಂದರು. ನಿವೃತ್ತಿಗೆ ನಾಲ್ಕು ತಿಂಗಳಿದ್ದ ಮನುಷ್ಯ.

"ಇದ್ರ ಮೇಲೆ ಕೆಂಪು ಶಾಯಿಲಿ ಬರೆದಿದೆಯಲ್ಲಮ್ಮ, ಪೆನಿಸಿಲಿನ್ ಆಗಲ್ಲ ಅಂತ. ಪರದೆಲಿ ಯಾಕೆ ಏನೂ ಇಲ್ಲ?"

"ಇರುತ್ತೆ, ಸರಿಯಾಗಿ ನೋಡಿ."

"ಕನ್ನಡಕ ಹೊಸದು ಕಣಮ್ಮ. ನೀನೇ ನೋಡು."

ನೋಡಿದಳು. ಅಲರ್ಜಿ: ಇಲ್ಲ.

ಹಳೆಯ ಜೆಸನ್ ತೆಗೆದಳು. ಎರಡೋ ಮೂರೋ ಅಲರ್ಜಿ ಇದ್ದವರಿಗೆ ಹಳೆಯ ವ್ಯವಸ್ಥೆ ಚೌಕ ಕಂಸದೊಳಗೆ ಪಟ್ಟಿ ಮಾಡಿ ಕಳಿಸುತ್ತಿತ್ತು. ಒಂದೇ ಇದ್ದರೆ, ಅದಕ್ಕೂ ಪಟ್ಟಿ ಯಾಕೆ ದಂಡ ಎಂಬಂತೆ, ಕಂಸವಿಲ್ಲದೆ ಬರೀ ಹೆಸರನ್ನು ಕಳಿಸುತ್ತಿತ್ತು. ಪಟ್ಟಿಯಲ್ಲದ್ದೆಲ್ಲ ಖಾಲಿ ಎಂದು ಬರೆದವಳು ಅವಳೇ. ದಪ್ಪ ಫೈಲಿನವರಿಗೆ ಮೂರು ನಾಲ್ಕು ಅಲರ್ಜಿ, ಇಲ್ಲವೇ ಒಂದೂ ಇಲ್ಲ. ಒಂದೇ ಇದ್ದವರನ್ನು ಅವಳು ನೋಡಿಯೇ ಇರಲಿಲ್ಲ. ಎಣಿಸಿದಾಗ, ಅಂಥವರಲ್ಲಿ ಒಂಬತ್ತು ಮಂದಿ ಆ ಹೊತ್ತಿಗೆ ಅದೇ ಕಟ್ಟಡದಲ್ಲಿ ಮಂಚದ ಮೇಲಿದ್ದರು.

ಮ್ಯಾನೇಜರಿಗೆ ಫೋನು ಮಾಡಿದಳು. "ಸರ್, ಈಗಲೇ ನಿಲ್ಲಿಸ್ಬೇಕು. ಅಲರ್ಜಿ ತಪ್ಪು ತೋರಿಸ್ತಿದೆ."

"ಮಧ್ಯಾಹ್ನದವರೆಗೆ ಹೇಗಾದ್ರೂ ತಳ್ಳಿ. ಈಗ ನಿಲ್ಲಿಸಿದ್ರೆ ಜನರ ಸಾಲು ಗೇಟಿನ ತನಕ ಹೋಗುತ್ತೆ."

"ಹೋಗ್ಲಿ ಸರ್," ಎಂದು ಫೋನಿಟ್ಟು, ನಿಲ್ಲಿಸಿಯೇಬಿಟ್ಟಳು. ಆತನ ಮಾತಿಗೆ ಸೊಪ್ಪು ಹಾಕದೆ ಆ ಆಸ್ಪತ್ರೆಯಲ್ಲಿ ಉಳಿದವರು ಕಡಿಮೆ, ಅದು ಅವಳಿಗೂ ಗೊತ್ತಿತ್ತು. ಆಗ ಅದನ್ನೆಲ್ಲ ಯೋಚಿಸುವ ಪುರುಸೊತ್ತು ಯಾರಿಗಿತ್ತು?

ಪರದೆ ನಿಂತರೇನು, ಬೆಳಗಿನ ಔಷಧಿ ಚೀಟಿಗಳು ಆಗಲೇ ಅಚ್ಚಾಗಿ ವಾರ್ಡುಗಳನ್ನು ಸೇರಿದ್ದವು. ಒಂಬತ್ತು ಹೆಸರು, ಪಕ್ಕದಲ್ಲಿ ಅವರಿಗಾಗದ ಔಷಧಿ, ಒಂದು ಹಾಳೆಯಲ್ಲಿ ಗೀಚಿಕೊಂಡು ಒಂದೊಂದೇ ವಾರ್ಡಿಗೆ ಫೋನು ಹಚ್ಚಿದಳು. ಎಂಟು ಮಂದಿಯ ಕಡೆಯಿಂದ ಉತ್ತರ ಬಂತು. ಇನ್ನೂ ಕೊಟ್ಟಿಲ್ಲ, ಬೇರೆ ಔಷಧಿ ಇದೆ, ಡಾಕ್ಟರನ್ನು ಕೇಳ್ತೀವಿ. ಒಂಬತ್ತನೆಯದು ಮೂರನೇ ಮಹಡಿ. ಅಲ್ಲಿ ಫೋನು ಹೊಡೆದುಕೊಂಡೇ ಇತ್ತು, ಎತ್ತುವವರಿಲ್ಲ. ಆ ವಾರ್ಡಿನಲ್ಲಿ ಅಂದು ಪಾಳಿಯಲ್ಲಿದ್ದ ನರ್ಸು ಅವಳ ಒಡಹುಟ್ಟಿದ ತಂಗಿ. ಅಪ್ಪ ಹೋದ ಮೇಲೆ ಫೀಜು ಕಟ್ಟಿ ಓದಿಸಿ ಆ ಕೆಲಸಕ್ಕೆ ಸೇರಿಸಿದ್ದು ಇವಳೇ.

ಲಿಫ್ಟು ಕಾಯುವ ತಾಳ್ಮೆ ಇರಲಿಲ್ಲ. ಮೆಟ್ಟಿಲು ಹತ್ತಿದಳು, ಒಂದು ಕಡೆ ಎಡವಿ ಮೊಣಕಾಲು ತರಚಿತು. ವಾರ್ಡಿನ ಬಾಗಿಲಲ್ಲೇ ಒಳಗಿನ ಮಾತು ಕೇಳಿಸಿತು.

"ಯಾವುದೋ ಒಂದು ಆಗಲ್ಲ ಅಂದಿದ್ರು ಮಗಳೇ. ಹೆಸರು ನೆನಪಾಗ್ತಿಲ್ಲ," ಎನ್ನುತ್ತಿದ್ದ ಮಂಚದ ಮೇಲಿನ ಮುದುಕ.

"ಹಾಗಿದ್ರೆ ಚೀಟಿಲಿ ಬರ್ತಿತ್ತು ತಾತ. ಇದು ನಮ್ಮಕ್ಕ ಮಾಡಿದ್ದು, ಅವಳ ಕಣ್ಣು ತಪ್ಪಿಸಿ ಇರುವೆನೂ ಹೋಗಲ್ಲ. ತೋಳು ಸಡಿಲ ಬಿಡಿ."

ಅಕ್ಕ ಹೋಗಿ ತಂಗಿಯ ಮಣಿಕಟ್ಟು ಹಿಡಿದುಕೊಂಡಳು. ಸೂಜಿ ಮುದುಕನ ತೋಳಿನಿಂದ ಎರಡು ಬೆರಳು ದೂರದಲ್ಲಿತ್ತು.

"ಬೇಡ ಕಣೇ," ಅಂದಳು ಏದುಸಿರಿನಲ್ಲಿ. "ಪೆನಿಸಿಲಿನ್ ಅವರಿಗಾಗಲ್ಲ. ಚೀಟಿ ತಪ್ಪು. ತಪ್ಪು ನಂದೇ."

ತಂಗಿ ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ಆಮೇಲೆ ಕಿಟಕಿ ಪಕ್ಕದ ಮಂಚದ ಕಡೆ ತಿರುಗಿದಳು. ಅಲ್ಲಿ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಒಂಬತ್ತು ಗಂಟೆಗೆ ಅವರಿಗೂ ಇದನ್ನೇ ಕೊಟ್ಟೆ ಅಕ್ಕ."

ಅಕ್ಕ ಹಾಳೆ ಬಿಚ್ಚಿ ಹೆಸರುಗಳ ಮೇಲೆ ಕಣ್ಣಾಡಿಸಿದಳು. "ಇಲ್ಲ. ಅವರ ಹೆಸರು ಇದರಲ್ಲಿಲ್ಲ. ಏನೂ ಆಗಲ್ಲ."

ತಂಗಿ ಆ ಹೆಂಗಸಿನ ಹತ್ತಿರ ಹೋಗಿ ನಾಡಿ ಹಿಡಿದಳು, ಕುತ್ತಿಗೆ ನೋಡಿದಳು, ಎಬ್ಬಿಸಿ ಉಸಿರಾಟ ಹೇಗಿದೆ ಎಂದು ಕೇಳಿದಳು. ಹೆಂಗಸು, ಚೆನ್ನಾಗೇ ನಿದ್ದೆ ಬಂದಿತ್ತಲ್ಲಮ್ಮ, ಯಾಕೆ ಎಬ್ಬಿಸಿದೆ ಎಂದು ಸಿಡಿಮಿಡಿಗೊಂಡಳು. ತಂಗಿ ವಾಪಸು ಬಂದು ಕೈ ಚಾಚಿದಳು.

"ಕೊಡು ಇಲ್ಲಿ ಹಾಳೆ. ನಾನೇ ನೋಡ್ತೀನಿ."

ಅಕ್ಕ ಹೇಳಿದ್ದನ್ನು ಅವಳು ಇನ್ನೊಮ್ಮೆ ನೋಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅಕ್ಕ ಹಾಳೆ ಕೊಟ್ಟಳು. ತಂಗಿ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಕೊನೆಯವರೆಗೆ ಓದಿದಳು, ಮತ್ತೆ ಮೇಲಿನಿಂದ ಶುರು ಮಾಡಿದಳು.