ಅತ್ತಿಗೆಯ ಪಿಕಪ್ಪು, ಯಾರದೋ ಬೆರಳು

ನಮ್ಮ ಕಡೆ ರಸ್ತೆಯ ಮೇಲೆ ಜನ ಬಾಯಿಗಿಂತ ಹೆಚ್ಚಾಗಿ ಕೈಯಲ್ಲೇ ಮಾತಾಡುತ್ತಾರೆ. ತಾಯಲೂರು ಕಡೆಯಿಂದ ಮುಳಬಾಗಿಲಿಗೆ ದಿನಾ ಓಡಾಡುವ ನಾನು ಈ ಭಾಷೆಯನ್ನು ಅಕ್ಷರಮಾಲೆಯಿಂದಲೇ ಕಲಿತಿದ್ದೇನೆ. ಮುಂದಿನ ಲಾರಿಯವನು ಕೈ ಹೊರಗೆ ಬಿಟ್ಟು ಅಂಗೈಯನ್ನು ಮೆಲ್ಲಗೆ ಆಡಿಸಿದರೆ ‘ದಾರಿ ಖಾಲಿ ಇದೆ, ಹೋಗಪ್ಪ’ ಎಂದರ್ಥ. ಎದುರಿನಿಂದ ಬರುವ ಬೈಕಿನವನು ತನ್ನ ತಲೆಯನ್ನು ತಾನೇ ತಟ್ಟಿಕೊಂಡರೆ ಅವನಿಗೆ ತಲೆಕೆಟ್ಟಿದೆ ಎಂದಲ್ಲ, ಮುಂದಿನ ತಿರುವಿನಲ್ಲಿ ಪೊಲೀಸರು ಹೆಲ್ಮೆಟ್ ಇಲ್ಲದವರನ್ನು ಹಿಡಿಯುತ್ತಿದ್ದಾರೆ ಎಂದು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಆದರೂ ಇನ್ನೊಬ್ಬನ ದಂಡ ತಪ್ಪಿಸುವ ಈ ಪರೋಪಕಾರ ಕಂಡಾಗಲೆಲ್ಲ ನನಗೆ ಮನುಷ್ಯಕುಲದ ಮೇಲೆ ಪ್ರೀತಿ ಬರುತ್ತದೆ.

ಕೈಯ ಮಹಿಮೆಯೇ ಅಂಥದು. ದೇವರುಗಳನ್ನು ನೋಡಿ. ಗರ್ಭಗುಡಿಯಲ್ಲಿ ನಿಂತವರಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಒಂದು ಕೈ ಎತ್ತಿ ‘ಹೆದರಬೇಡ’ ಎನ್ನುತ್ತಾರೆ, ಒಂದು ಕೈ ಇಳಿಸಿ ‘ಏನು ಬೇಕು ಕೇಳು’ ಎನ್ನುತ್ತಾರೆ, ನಮಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ. ನಾಟ್ಯದವರು ಎರಡು ಬೆರಳು ಮಡಿಸಿ ಜಿಂಕೆಯನ್ನು ಕರೆತರುತ್ತಾರೆ, ಐದೂ ಅರಳಿಸಿ ತಾವರೆಯನ್ನು ಕರೆತರುತ್ತಾರೆ. ಇಷ್ಟೆಲ್ಲ ಮಾಡಬಲ್ಲ ಬೆರಳುಗಳಿಂದ ಕೆಲವರು ಸ್ಟೀರಿಂಗಿನ ಹಿಂದೆ ಕೂತ ತಕ್ಷಣ ಏನು ಮಾಡುತ್ತಾರೆ ಎಂಬುದೇ ಈ ಪ್ರಬಂಧದ ವಿಷಯ. ಅದಕ್ಕಿಂತ ಮುಖ್ಯವಾಗಿ ನಮ್ಮ ಅತ್ತಿಗೆ ರತ್ನಮ್ಮನ ವಿಷಯ.

ಅತ್ತಿಗೆ ನಮ್ಮ ತೋಟದ ಟೊಮೆಟೊವನ್ನು ಪಿಕಪ್ಪಿನಲ್ಲಿ ತುಂಬಿಕೊಂಡು ತಾವೇ ಓಡಿಸಿಕೊಂಡು ಕೋಲಾರದ ಮಂಡಿಗೆ ಹೋಗುತ್ತಾರೆ. ಬಾಡಿಗೆ ಡ್ರೈವರುಗಳು ಹೇಳಿದ ಹೊತ್ತಿಗೆ ಬರುವುದಿಲ್ಲ, ಹಣ್ಣು ಅವರಿಗಾಗಿ ಕಾಯುವುದಿಲ್ಲ. ಅಣ್ಣನಿಗೋ ಬೈಕು ಬಿಟ್ಟು ಬೇರೇನೂ ಓಡಿಸಲು ಬಾರದು. ಒಂದು ಬೇಸಿಗೆ ತವರೂರು ದೇವರಾಯಸಮುದ್ರಕ್ಕೆ ಹೋದ ಅತ್ತಿಗೆ, ಬತ್ತಿದ ಕೆರೆಯಂಗಳದಲ್ಲಿ ತಮ್ಮನ ಗಾಡಿ ಹತ್ತಿ ಓಡಿಸುವುದನ್ನು ಕಲಿತೇ ವಾಪಸು ಬಂದರು. ಆಮೇಲೆ ಲೈಸೆನ್ಸು, ಆಮೇಲೆ ಪಿಕಪ್ಪು. ಮಂಡಿಯಲ್ಲಿ ಮೊದಮೊದಲು ಜನ ನಿಂತು ನೋಡುತ್ತಿದ್ದರಂತೆ. ಈಗ ‘ಅಕ್ಕಯ್ಯ ವಚ್ಚಿಂದಿರಾ’, ಅಂದರೆ ಅಕ್ಕ ಬಂದಳು ಕಣ್ರೋ, ಎಂದು ತೆಲುಗಿನಲ್ಲಿ ಕೂಗಿ ದಾರಿ ಬಿಡುತ್ತಾರೆ. ಅತ್ತಿಗೆಯ ಮುಖ ಆ ಗಾಡಿಯಲ್ಲಿ ಕೂತಾಗ ಅರಳುವಷ್ಟು ಬೇರೆಲ್ಲೂ ಅರಳುವುದನ್ನು ನಾನು ಕಂಡಿಲ್ಲ.

ನಾನು ಮುಳಬಾಗಿಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಬಸ್ಸು ತಪ್ಪಿದ ದಿನ ಅತ್ತಿಗೆಯ ಪಕ್ಕದಲ್ಲಿ ಕೂತು ಹೋಗುತ್ತೇನೆ. ಅಂಥದೇ ಒಂದು ಬೆಳಿಗ್ಗೆ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಅತ್ತಿಗೆ ಗಾಡಿ ನಿಲ್ಲಿಸಿದರು. ಹಿಂದೆ ಒಂದು ಬಿಳಿ ಕಾರು ಹಾರನ್ ಒತ್ತತೊಡಗಿತು. ಕುರಿಗಳಿಗೆ ಹಾರನ್ನಿನ ಬಗ್ಗೆ ಗೌರವವಿಲ್ಲ, ತಮ್ಮ ಪಾಡಿಗೆ ದಾಟಿದವು. ದಾರಿ ತೆರವಾದ ಮೇಲೆ ಕಾರು ನಮ್ಮ ಪಕ್ಕಕ್ಕೆ ಬಂತು. ಒಳಗಿದ್ದ ಯುವಕ ಬಗ್ಗಿ ನೋಡಿ, ಓಡಿಸುತ್ತಿರುವುದು ಹೆಂಗಸು ಎಂದು ಖಾತ್ರಿ ಮಾಡಿಕೊಂಡು ನಕ್ಕ. ಸರ್ರನೆ ಮುಂದೆ ಬಂದು ಅಡ್ಡ ಹಾಕಿ, ಕಿಟಕಿಯಿಂದ ಬಲಗೈ ಹೊರಚಾಚಿ ಒಂದು ಸನ್ನೆ ಮಾಡಿದ. ಅದು ಯಾವ ಸನ್ನೆ ಎಂದು ವರ್ಣಿಸುವುದಿಲ್ಲ. ನಿಮಗೆ ಗೊತ್ತಿದ್ದರೆ ಹೇಳಬೇಕಾಗಿಲ್ಲ, ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ಹಾಗೇ ಇರಿ.

ಅತ್ತಿಗೆ ಬ್ರೇಕ್ ಒತ್ತಿದರು. ಹಿಂದೆ ಕ್ರೇಟುಗಳು ಜರುಗಿದ ಸದ್ದಾಯಿತು. ನಾನು ಸಭ್ಯ ಗಂಡಸರು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ, ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದೆ.

‘ನೋಡಿದ್ಯಾ ಮಂಜು?’ ಎಂದರು ಅತ್ತಿಗೆ.

‘ನೋಡಿದೆ. ಬಿಡಿ ಅತ್ತಿಗೆ, ಅವನ ಸಂಸ್ಕಾರ ಅದು.’

‘ಅವನ ಸಂಸ್ಕಾರ ಅವನ ಮನೇಲಿ ಇಟ್ಕೊಳ್ಲಿ. ನಂಬರ್ ಬರ್ಕೋ.’

ಇಲ್ಲಿ ನಮ್ಮ ಸೀಮೆಯ ಒಂದು ಗುಟ್ಟು ಹೇಳಬೇಕು. ನಾವು ವ್ಯವಹಾರ ಮಾಡುವುದು ಕನ್ನಡದಲ್ಲಿ, ಮಕ್ಕಳನ್ನು ಮುದ್ದು ಮಾಡುವುದು ಎರಡರಲ್ಲೂ, ಬೈಯುವುದು ಮಾತ್ರ ತೆಲುಗಿನಲ್ಲಿ. ಅಣ್ಣನಾಗಿದ್ದರೆ ‘ಏಮಿರಾ’ ಎಂದು ಶುರುಮಾಡಿ ಆ ಹುಡುಗನ ಮೂರು ತಲೆಮಾರನ್ನು ಮುಟ್ಟಿ, ಬೆನ್ನಟ್ಟಿ ಹೋಗಿ ಕೊರಳಪಟ್ಟಿ ಹಿಡಿದಿರುತ್ತಿದ್ದ. ಆಗ ಕೇಸು ಎರಡಾಗುತ್ತಿತ್ತು. ಅವನ ಬೆರಳಿಗೆ ಒಂದು, ಇವನ ಕೈಗೆ ಒಂದು. ಅತ್ತಿಗೆಯ ಸಿಟ್ಟು ಆ ಜಾತಿಯದಲ್ಲ. ಸಿಟ್ಟನ್ನು ದಾರಿಯಲ್ಲಿ ಚೆಲ್ಲದೆ ಮಂಡಿಗೆ ಹೋದರು, ಹಣ್ಣು ಹರಾಜಾಗುವ ತನಕ ನಿಂತರು, ವಾಪಸು ಬರುವಾಗ ನನ್ನನ್ನು ಕಾಲೇಜಿನಿಂದ ಕರೆದುಕೊಂಡು ನೆಟ್ಟಗೆ ಪೊಲೀಸ್ ಸ್ಟೇಷನ್ನಿಗೆ ಹೋದರು.

ಅಲ್ಲಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ. ‘ಬೈದ್ನಾ ಅಮ್ಮ? ಹೊಡೆದ್ನಾ?’ ಎಂದು ಕೇಳಿದರು.

‘ಇಲ್ಲ. ಕೈ ತೋರಿಸ್ದ.’

‘ಹೆಂಗೆ ತೋರಿಸ್ದ?’

ಅತ್ತಿಗೆ ನನ್ನ ಕಡೆ ತಿರುಗಿ, ‘ತೋರಿಸು ಮಂಜು’ ಎಂದರು.

ಜೀವಮಾನವಿಡೀ ಹಳಗನ್ನಡ ಬೋಧಿಸಿದ ಈ ಕೈ ಆ ಕ್ಷಣಕ್ಕೆ ಸಿದ್ಧವಾಗಿರಲಿಲ್ಲ. ಮೇಜಿನ ಕೆಳಗೆ ಸಣ್ಣದಾಗಿ ತೋರಿಸಿದೆ. ‘ಕಾಣಿಸ್ತಿಲ್ಲ ಸಾರ್, ಮೇಲಕ್ಕೆ ತೋರಿಸಿ’ ಎಂದರು ಅವರು. ಮೇಲಕ್ಕೆ ತೋರಿಸಿದೆ. ಅದೇ ಹೊತ್ತಿಗೆ ಏನೋ ಕೆಲಸಕ್ಕೆ ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತು ‘ನಮಸ್ಕಾರ ಸಾರ್’ ಎಂದಳು. ನಾನು ಅದೇ ಕೈಯಿಂದ ಆಶೀರ್ವಾದ ಮಾಡಿದೆ.

ಆಮೇಲೆ ಅದನ್ನು ಬರವಣಿಗೆಗೆ ಇಳಿಸುವ ಕಷ್ಟ. ‘ಸದರಿ ಚಾಲಕನು ತನ್ನ ಬಲಗೈಯನ್ನು ಹೊರಚಾಚಿ’ ಎನ್ನುವವರೆಗೆ ಸುಗಮವಾಗಿ ಸಾಗಿತು. ಮುಂದಿನ ಶಬ್ದಕ್ಕೆ ನನ್ನ ನಿಘಂಟೆಲ್ಲ ಖಾಲಿಯಾಯಿತು. ಕೊನೆಗೆ ‘ಅಸಹ್ಯಕರವಾದ ಸನ್ನೆ’ ಎಂದು ಬರೆದು, ಯಾವ ಬೆರಳು ಎಂಬುದನ್ನು ಪಾಠದ ಟಿಪ್ಪಣಿಯ ಹಾಗೆ ಪಕ್ಕದಲ್ಲಿ ಸೇರಿಸಿದೆ.

ಕಾನೂನಿಗೆ ಇಂಥ ಸಂಕೋಚವಿಲ್ಲ ಎಂಬುದು ನನಗೆ ಅವತ್ತು ತಿಳಿಯಿತು. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಮಾತಾಡಿದರೂ ಒಂದೇ, ಸದ್ದು ಮಾಡಿದರೂ ಒಂದೇ, ಸನ್ನೆ ಮಾಡಿದರೂ ಒಂದೇ. ಮೂರು ವರ್ಷದ ತನಕ ಸಜೆಯಾಗಬಹುದು, ದಂಡ ಬೇರೆ. ಅಡ್ಡ ಹಾಕಿ ಓಡಿಸಿದ್ದಕ್ಕೆ ಇನ್ನೊಂದು ಕಲಮು. ಸ್ಟೇಷನ್ನಿನಲ್ಲಿ ಕೈಕುಲುಕಿ ಮುಗಿಸುವ ಹಾಗೂ ಇಲ್ಲ. ರಾಜಿಯಾಗಬೇಕಾದರೆ ಆ ಹೆಣ್ಣುಮಗಳು ಒಪ್ಪಬೇಕು, ಕೋರ್ಟೂ ಅನುಮತಿ ಕೊಡಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಮಾತಾಡದೆಯೇ ಜೈಲಿನ ಬಾಗಿಲ ತನಕ ಹೋಗಬಹುದು ಎಂದು ಹೇಳಿದವರು ಕಡಿಮೆ.

ಮನೆಯಲ್ಲಿ ಗುಡುಗು ಕಾದಿತ್ತು. ಹುಡುಗನ ಮೇಲಲ್ಲ, ಅತ್ತಿಗೆಯ ಮೇಲೆ. ‘ಸ್ಟೇಷನ್ನು ಕೋರ್ಟು ಅಂತ ಹೆಂಗಸರು ಮೆಟ್ಲು ಹತ್ತೋ ಮನೆತನ ಅಲ್ಲ ನಮ್ದು. ಗಾಡಿ ಓಡ್ಸಿದ್ದಕ್ಕೇ ಅಲ್ವಾ ಇದೆಲ್ಲ? ಕೀ ಕೊಟ್ಬಿಡು, ಡ್ರೈವರ್ ಇಡೋಣ’ ಎಂದ ಅಣ್ಣ.

‘ಯೋಚನೆ ಮಾಡ್ತೀನಿ’ ಎಂದರು ಅತ್ತಿಗೆ. ಮರುದಿನ ಬೆಳಿಗ್ಗೆ ಎಂದಿನಂತೆ ಗಾಡಿ ತೆಗೆದರು. ಆದರೆ ಆ ವಾರವೆಲ್ಲ ಗಂಡ ಹೆಂಡತಿ ಸರಿಯಾಗಿ ಮಾತಾಡಲಿಲ್ಲ. ಅತ್ತಿಗೆ ಒಬ್ಬರೇ ಹಿತ್ತಲಲ್ಲಿ ನಿಂತು ಪಿಕಪ್ಪನ್ನು ತೊಳೆಯುವುದನ್ನು ನೋಡಿ ನನಗೆ ಸಂಕಟವಾಯಿತು. ಸನ್ನೆ ಮಾಡಿದವನು ಏನೂ ಕಳೆದುಕೊಳ್ಳದೆ, ಸನ್ನೆ ಕಂಡವರು ಗಾಡಿಯನ್ನೇ ಕಳೆದುಕೊಳ್ಳುತ್ತಾರೇನೋ ಎಂದು ಹೆದರಿದೆ.

ಪೊಲೀಸರು ನಂಬರಿನ ಜಾಡು ಹಿಡಿದು ಹುಡುಗನನ್ನು ಪತ್ತೆ ಮಾಡಿದ್ದೇ ತಡ, ಭಾನುವಾರ ಅವನು ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಹೆಸರು ಕಿರಣ. ಲಕ್ಕೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅಂತೆ. ‘ಏನೋ ಓವರ್‌ಟೇಕ್ ಮಾಡಿದ್ನಂತೆ, ಮನ್ನಿಸ್ಬಿಡಿ’ ಎಂದಳು ತಾಯಿ. ಪಂಚಾಯಿತಿ ಮಾಡಲು ನಮ್ಮ ದೊಡ್ಡಪ್ಪನೂ ಬಂದು ಜಗಲಿಯಲ್ಲಿ ಕೂತರು. ನಮ್ಮ ಕಡೆ ಯಾವ ಜಗಳವೂ ‘ನಿಮ್ದು ಯಾವೂರು’ ಎಂಬ ಪ್ರಶ್ನೆಯನ್ನು ದಾಟಿ ಮುಂದಕ್ಕೆ ಹೋಗುವುದಿಲ್ಲ. ಕೇಳಿದರು. ಆ ತಾಯಿಯ ತವರೂ ದೇವರಾಯಸಮುದ್ರವೇ. ಕೆರೆ ಏರಿಯ ಪಕ್ಕದ ಮನೆ. ಅತ್ತಿಗೆಯ ದೊಡ್ಡಮ್ಮನ ಕಡೆಯಿಂದ ಸಂಬಂಧವೂ ಹೊರಟಿತು. ಲೆಕ್ಕ ಹಾಕಿದರೆ ಹುಡುಗನಿಗೆ ಅತ್ತಿಗೆ ಚಿಕ್ಕಮ್ಮನಾಗಬೇಕು. ಸ್ವಂತ ಚಿಕ್ಕಮ್ಮನಿಗೇ ಬೆರಳು ತೋರಿಸುವ ತಪ್ಪು ಎಲ್ಲಿ ಹೋದರೂ ನೆಂಟರೇ ಸಿಗುವ ನಮ್ಮ ಸೀಮೆಯಲ್ಲಿ ಮಾತ್ರ ಸಾಧ್ಯ.

ದೊಡ್ಡಪ್ಪನ ಮುಖ ಅರಳಿತು. ಅವರ ಮಟ್ಟಿಗೆ ಕೇಸು ಮುಗಿದಿತ್ತು. ಅತ್ತಿಗೆ ಎಲ್ಲರಿಗೂ ಎಲೆ ಹಾಕಿ ಮುದ್ದೆ, ಬಸ್ಸಾರು ಬಡಿಸಿದರು. ಹುಡುಗನ ಮುದ್ದೆಗೆ ತುಪ್ಪವನ್ನೂ ಹಾಕಿದರು. ಅವನು ತಲೆ ತಗ್ಗಿಸಿ ‘ತಪ್ಪಾಯ್ತು ಚಿಕ್ಕಮ್ಮ’ ಎಂದ.

‘ಏನು ತಪ್ಪಾಯ್ತು ಅಂತ ನಿಮ್ಮಮ್ಮನಿಗೆ ಹೇಳಪ್ಪ’ ಎಂದರು ಅತ್ತಿಗೆ, ಸಾರಿನ ಸೌಟು ಹಿಡಿದುಕೊಂಡೇ. ‘ಓವರ್‌ಟೇಕ್ ಮಾಡ್ದೆ ಅಂತ ಹೇಳಿ ಕರ್ಕೊಂಡು ಬಂದಿದ್ದೀಯ. ಮಾಡಿದ್ದನ್ನ ಹೇಳು.’

ಹುಡುಗನ ಕೈ ಮುದ್ದೆಯಲ್ಲೇ ನಿಂತಿತು. ತಾಯಿ ಅವನನ್ನೇ ನೋಡಿದಳು. ಅವನು ಕಣ್ಣಲ್ಲಿ ನೀರು ತಂದುಕೊಂಡು ‘ಬೆರಳು ತೋರಿಸ್ದೆ ಅಮ್ಮ’ ಎಂದಾಗ ಆಕೆಗೆ ಅರ್ಥವಾಯಿತು. ‘ಅಯ್ಯೋ ಪಾಪಿ’ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೂರು ವರ್ಷದ ಸಜೆಯೂ ಆ ಹುಡುಗನನ್ನು ಅಷ್ಟು ಚಿಕ್ಕವನನ್ನಾಗಿ ಮಾಡುತ್ತಿರಲಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ನಮ್ಮ ಜಗಲಿ ನ್ಯಾಯದ ಮೂಲತತ್ವವೆಂದರೆ ಎರಡೂ ಕಡೆಯವರು ಏನಾದರೂ ಬಿಡಬೇಕು. ತಪ್ಪು ಯಾರದೆನ್ನುವುದು ಆಮೇಲಿನ ಮಾತು. ‘ಹುಡುಗ ಒಪ್ಕೊಂಡ. ರತ್ನಮ್ಮ, ನೀನೂ ಒಂದು ಮೆಟ್ಲು ಇಳಿ. ಕೋರ್ಟಲ್ಲಿ ರಾಜಿ ಅಂದ್ಬಿಡು. ಗಾಡಿ ಕೀ ಗಂಡನ ಕೈಗೆ ಕೊಟ್ಟು ಮನೆ ನೋಡ್ಕೋ. ಇಬ್ರಿಗೂ ಸಮ ಆಯ್ತು.’

ಅತ್ತಿಗೆ ಸೌಟನ್ನು ಕೆಳಗಿಟ್ಟರು. ‘ಕ್ಷಮೆ ಕೊಡ್ತೀನಿ ಮಾವ. ಜಡ್ಜ್ ಮುಂದೆ ನಿಂತು ನಾನೇ ಹೇಳ್ತೀನಿ. ಕೀ ಕೊಡಲ್ಲ. ಅವನು ಬಿಡ್ತಿರೋದು ಅವನ ಕೆಟ್ಟ ಬುದ್ಧಿ. ಅದಕ್ಕೆ ಸಮವಾಗಿ ನಾನು ಗಾಡಿ ಬಿಡ್ಬೇಕಾ?’

ಎಲ್ಲರೂ ಅಣ್ಣನ ಕಡೆ ನೋಡಿದರು. ಅಣ್ಣ ಎದ್ದು ಕೈ ತೊಳೆದ. ಪಂಚೆಗೆ ಒರೆಸಿಕೊಂಡ. ಅಂಗಳಕ್ಕೆ ಇಳಿದು ಪಿಕಪ್ಪಿನ ಸುತ್ತ ಒಂದು ಸುತ್ತು ಬಂದು, ಟೈರನ್ನು ಕಾಲಿನಿಂದ ಒತ್ತಿದ.

‘ಗಾಳಿ ಕಮ್ಮಿ ಅದೆ’ ಎಂದ, ಅತ್ತಿಗೆಯ ಕಡೆ ನೋಡದೆ. ‘ಬೆಳಿಗ್ಗೆ ಲೋಡು ಹೋಗ್ಬೇಕು. ಊಟ ಮಾಡ್ಕೊಂಡು ಬಾ, ಹಾಕಿಸ್ಕೊಂಡು ಬರೋಣ.’

ಹೆಂಡತಿ ಓಡಿಸುವ ಗಾಡಿಯಲ್ಲಿ ಕೂತರೆ ಗಂಡಸಿಗೆ ಕಮ್ಮಿ ಎಂದು ಮಂಡಿಯಲ್ಲಿ ತನಗೆ ಕೆಲಸವಿದ್ದ ದಿನವೂ ಬೈಕಿನಲ್ಲಿ ಹಿಂದೆ ಬರುತ್ತಿದ್ದ ಆಸಾಮಿ ಅವನು. ಈಗ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕೂತ. ಬಿಸಿಲಿಗೆ ಕೈ ಅಡ್ಡ ಹಿಡಿದು, ಹೆಂಡತಿಯ ಊಟ ಮುಗಿಯುವ ತನಕ ಅಲ್ಲೇ ಕಾದ. ಕಾನೂನು ಆ ಹುಡುಗನನ್ನು ನಮ್ಮ ಅಂಗಳದವರೆಗೆ ಕರೆತಂದಿತು, ಅದು ದೊಡ್ಡ ಮಾತೇ. ಅಣ್ಣನನ್ನು ಆ ಸೀಟಿನವರೆಗೆ ಕರೆತರುವ ಕಲಮು ಮಾತ್ರ ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಅದನ್ನು ಅತ್ತಿಗೆಯೇ ಮಾಡಬೇಕಾಯಿತು.