ಮಂತ್ರಿಗಳನ್ನು ಅದ್ದಿದ ಭಾವ

ನಮ್ಮ ಭಾವ ನೌಕಾಪಡೆಯ ಮುಖ್ಯಸ್ಥರಾದದ್ದು ಹೇಗೆ ಎಂದು ಜನ ನನ್ನನ್ನು ಕೇಳುತ್ತಾರೆ. ಅಕ್ಕನ ಗಂಡ ಅಷ್ಟು ದೊಡ್ಡವರಾದರೆ ಆ ಬೆಳಕಿನಲ್ಲಿ ಭಾವಮೈದುನನ ಮುಖವೂ ಸ್ವಲ್ಪ ಕಾಣುತ್ತದೆ. ದೋಣಿಯಲ್ಲಿ ಕೂತರೆ ಹೊಟ್ಟೆ ತೊಳಸುವ ನನಗೆ ನೌಕಾಪಡೆಯ ಬಗ್ಗೆ ಮಾತಾಡುವ ಅಧಿಕಾರ ಬಂದದ್ದು ಹೀಗೆ.

ಕೆಡೆಟ್ ಆಗಿ ಸೇರಿದ ಹೊಸದರಲ್ಲಿ ಭಾವನಿಗೆ ದೋಣಿ ಕಟ್ಟಿಹಾಕಲು ಹೇಳಿದರು. ಕಟ್ಟಿದರು. ಬೆಳಿಗ್ಗೆ ನೋಡಿದರೆ ದೋಣಿಯೇ ಇಲ್ಲ.

"ಯಾರ್ರೀ ಗಂಟು ಹಾಕಿದ್ದು?" ಎಂದು ತರಬೇತಿ ಅಧಿಕಾರಿ ಗುಡುಗಿದರು. ಜೊತೆಯವರು ಗಾಳಿ, ಅಲೆ, ಹಳೇ ಹಗ್ಗ ಎಂದು ತಡಕಾಡುತ್ತಿರುವಾಗ ಇವರು ಮುಂದೆ ಬಂದು "ನಾನೇ ಸರ್" ಎಂದರು. ಅದೇನು ಸತ್ಯಸಂಧತೆಯಲ್ಲ, ನೆಪ ಹುಡುಕುವಷ್ಟು ತಲೆ ಓಡುತ್ತಿರಲಿಲ್ಲ. ಅಂದಿನಿಂದ ಪಡೆಯಲ್ಲಿ ಅವರ ಹೆಸರೇ 'ನಾನೇ ಸರ್'.

ಅಲ್ಲೊಂದು ಪದ್ಧತಿಯಿದೆ: ಆಜ್ಞೆ ಕೊಟ್ಟ ಬಾಯಿ ಯಾರದೋ, ತಪ್ಪೂ ಅವರದೇ. ಪದ್ಧತಿ ಎಲ್ಲರಿಗೂ ಗೊತ್ತು, ಪಾಲಿಸಿದವರು ಭಾವ ಒಬ್ಬರೇ. ಇವರ ಮೇಲಿನ ವಿಚಾರಣೆಗಳು ಬೇಗ ಮುಗಿದು ಮೇಲಧಿಕಾರಿಗಳು ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋಗಬಹುದಿತ್ತು. ಆ ಸಂತೋಷಕ್ಕೆ ಬಡ್ತಿ ಕೊಡುತ್ತಾ ಹೋದರು. ಲೆಫ್ಟಿನೆಂಟ್, ಕಮಾಂಡರ್, ಕ್ಯಾಪ್ಟನ್, ಅಡ್ಮಿರಲ್. ತಲೆಗೂದಲು ಇಳಿದ ಹಾಗೆಲ್ಲ ಭುಜದ ಪಟ್ಟಿ ಏರಿತು.

ಮಗಳು ಹುಟ್ಟಿದಾಗ ಭಾವ ಸಮುದ್ರದಲ್ಲಿದ್ದರು. ಅವಳ ಮದುವೆ ಮಾತುಕತೆಯ ದಿನವೂ ಸಮುದ್ರದಲ್ಲೇ. ಕೊನೆಗೆ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಎರಡು ಹೆಸರು ಉಳಿದವು: ಭಾವನದು, ಮತ್ತು 'ಪಂಡಿತ' ಎಂದು ಎಲ್ಲರೂ ಕರೆಯುವ ಇನ್ನೊಬ್ಬ ಅಡ್ಮಿರಲ್‌ರದು. ಗೆದ್ದವರಿಗೆ ರಾಜಧಾನಿಯ ಕಚೇರಿ. ಸೋತವರಿಗೆ ನಿವೃತ್ತಿಯವರೆಗೂ ದೂರದ ದ್ವೀಪ. ಅಲ್ಲಿಗೆ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ.

"ಮುಖ್ಯಸ್ಥರಾದ್ರೆ ಹಡಗು ಹತ್ತೋ ಹಾಗಿಲ್ಲ, ಅಲ್ವೇನೋ?" ಎಂದು ಅಕ್ಕ ಕೇಳಿದಳು.

"ಬರೀ ಕುರ್ಚಿ ಹತ್ತೋದು ಕಣೇ ಅಕ್ಕ."

"ಹಾಗಾದ್ರೆ ಅದೇ ಸಿಗ್ಲಿ. ದಿನಾ ಸಾಯಂಕಾಲ ಮನೆಗೆ ಬರೋ ಗಂಡ ಹೇಗಿರ್ತಾನೆ ಅಂತ ನಾನೂ ಒಂದ್ಸಲ ನೋಡ್ಬೇಕು."

ಆಯ್ಕೆ ಮಾಡಬೇಕಾದ ಮಂತ್ರಿಗಳು ಹಡಗುಗಳನ್ನು ನೋಡಲು ಬಂದರು. ನಡುಸಮುದ್ರದಲ್ಲಿ ಒಂದು ಹಡಗಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎರಡನ್ನೂ ಅಕ್ಕಪಕ್ಕ ಓಡಿಸಿ, ನಡುವೆ ಹಗ್ಗ ಬಿಗಿದು, ಅದಕ್ಕೆ ಕುರ್ಚಿ ತೂಗುಹಾಕಿ ಆಳನ್ನು ಈಚೆಗೆ ಎಳೆದುಕೊಳ್ಳುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಮಂತ್ರಿಗಳು ತಾವೂ ಹಾಗೇ ಬರುವುದಾಗಿ ಹಟ ಹಿಡಿದರು. ಈಚೆ ಹಡಗಿನಲ್ಲಿ ಭಾವ, ಪಂಡಿತ ಇಬ್ಬರೂ ಸ್ವಾಗತಕ್ಕೆ ನಿಂತಿದ್ದರು. ಹಗ್ಗ ತೀರಾ ಬಿಗಿಯಾಯಿತೆಂದು ಭಾವನಿಗೆ ಅನ್ನಿಸಿತು. ಅದನ್ನು ನೋಡಿಕೊಳ್ಳಲು ಬೇರೆ ಅಧಿಕಾರಿಯಿದ್ದ. ಆದರೂ ಇವರ ಬಾಯಿ ಸುಮ್ಮನಿರಲಿಲ್ಲ.

"ಸ್ವಲ್ಪ ಸಡಿಲ ಬಿಡ್ರೋ."

ಬಿಟ್ಟರು. ಅದೇ ಗಳಿಗೆಗೆ ಹಡಗುಗಳು ಒಂದರ ಕಡೆಗೊಂದು ವಾಲಿದವು. ಮಂತ್ರಿಗಳು ಸೊಂಟದವರೆಗೆ ಸಮುದ್ರಕ್ಕಿಳಿದು, ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತೆ ಮೇಲೆ ಬಂದರು.

ಪಂಡಿತ ತಕ್ಷಣ ವಿವರಿಸಲು ಶುರುಮಾಡಿದರು. ಗಾಳಿಯ ದಿಕ್ಕು, ಅಲೆಗಳ ಅಂತರ, ಹಗ್ಗದ ನಾರಿನ ಗುಣ. ಮಂತ್ರಿಗಳ ಕಾಲಡಿ ಸಣ್ಣ ಕೆರೆ ಕಟ್ಟುತ್ತಿತ್ತು.

"ಅದೆಲ್ಲ ಇರ್ಲಿ ಸ್ವಾಮಿ, ಸಡಿಲ ಬಿಡಿ ಅಂದವ್ರು ಯಾರು?"

"ನಾನೇ ಸರ್," ಎಂದರು ಭಾವ. ಸ್ವಲ್ಪ ಯೋಚಿಸಿ, "ಬನ್ನಿ, ನನ್ನ ಕೋಣೇಲಿ ಒಣಗಿರೋ ಪ್ಯಾಂಟಿದೆ," ಎಂದರು. ಪ್ಯಾಂಟು ಹೊಟ್ಟೆಗೆ ಸರಿಹೋಯಿತು.

ಭಾವ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದಂತೆಯೇ ಅಕ್ಕ ಅಟ್ಟದಿಂದ ಪೆಟ್ಟಿಗೆ ಇಳಿಸಿ, ದ್ವೀಪಕ್ಕೆಂದು ಬನಿಯನ್ ಜೋಡಿಸತೊಡಗಿದಳು. "ಅದ್ದೋಕೆ ಮಂತ್ರೀನೇ ಬೇಕಿತ್ತಾ ನಿಮ್ಗೆ? ಆ ಪಂಡಿತ್ರು ಪಕ್ಕದಲ್ಲೇ ಇರ್ಲಿಲ್ವಾ?"

ಕೆಲವು ದಿನ ಕಳೆದು ಆದೇಶ ಬಂತು: ಭಾವನೇ ಮುಖ್ಯಸ್ಥರು. ಸುದೀರ್ಘ, ನಿಷ್ಕಳಂಕ ಸೇವೆ ಎಂದು ಪತ್ರಿಕೆಗಳು ಬರೆದವು. ಮಂತ್ರಿಗಳು ಆಪ್ತರಿಗೆ ಹೇಳಿದ್ದು ಬೇರೆಯಂತೆ: "ಒಬ್ರು ನಾನು ಯಾಕೆ ಒದ್ದೆಯಾದೆ ಅಂತ ವಿವರಿಸಿದ್ರು. ಇನ್ನೊಬ್ರು ಪ್ಯಾಂಟು ಕೊಟ್ರು."

ಭಾವ ಈಗ ದಿನಾ ಸಾಯಂಕಾಲ ಮನೆಗೆ ಬರುತ್ತಾರೆ. ಮೊನ್ನೆ ನಾನು ಹೋದಾಗ ಅಡುಗೆಮನೆಯ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ಭಾವ ಒಂದೊಂದರ ಮುಚ್ಚಳ ತೆಗೆದು ತಪಾಸಣೆ ಮಾಡುತ್ತಿದ್ದರು.

ಅಕ್ಕ ನನ್ನನ್ನು ಹಿತ್ತಲಿಗೆ ಎಳೆದೊಯ್ದಳು. "ಲೋ, ಆ ದ್ವೀಪದ ಕೆಲ್ಸ ಇನ್ನೂ ಖಾಲಿ ಇದ್ಯಾ ಅಂತ ಸ್ವಲ್ಪ ವಿಚಾರ್ಸೋ."

"ಪಂಡಿತ್ರು ಆಗ್ಲೇ ಹೋಗಿ ಸೇರ್ಕೊಂಡ್ರಲ್ಲೇ."

"ಪುಣ್ಯವಂತೆ ಅವರ ಹೆಂಡ್ತಿ," ಎಂದಳು ಅಕ್ಕ.